ಹಂಡೆಯ ಮೇಲಿನ ತಣ್ಣೀರು

ದೆವ್ವ, ಶಕುನ ಎಂದವರನ್ನು ಕಂಡು ನಗುತ್ತಿದ್ದವನು ನಾನು. ಗುಂಡ್ಲುಪೇಟೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಆದರೆ ಬೇಗೂರಿನ ನಮ್ಮ ಮನೆಯಂಗಳದಲ್ಲಿ ನನ್ನ ಕೈಗೇ ತಾಗಿದ್ದನ್ನು ಇಲ್ಲವೆನ್ನಲಾರೆ.

ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ತೊಂಬತ್ತರ ದಶಕದ ಮಾತು. ಹಂಗಳದ ಮಾದೇವ ಕೇರಳದ ಕಡಲ ತೀರದಿಂದ ಮೀನು ತಂದು ನಮ್ಮ ಕಡೆ ಮಾರುತ್ತಿದ್ದ. ನಮ್ಮದು ಲಿಂಗ ಕಟ್ಟಿದ ಮನೆ, ಮೀನು ಕೊಳ್ಳುವವರಲ್ಲ. ಅವನು ನೀರಿಗಷ್ಟೇ ಬರುತ್ತಿದ್ದ. ಅಂಗಳದ ಹಂಡೆಯಿಂದ ಚೊಂಬಿನಲ್ಲಿ ಮೊಗೆದು, ಅವನ ಬೊಗಸೆಗೆ ಮೇಲಿನಿಂದ ಹೊಯ್ಯುವುದು ನಮ್ಮ ಪದ್ಧತಿ. ಅವ್ವನೂ ಹೊಯ್ಯುತ್ತಿದ್ದಳು, ನಾನೂ ಹೊಯ್ಯುತ್ತಿದ್ದೆ.

ಒಂದು ಆಗಸ್ಟ್‌ನಲ್ಲಿ ಸಮುದ್ರ ನೋಡುವ ಆಸೆಯಿಂದ ಅವನ ಜೀಪು ಹತ್ತಿದೆ. ದಾರಿಯುದ್ದಕ್ಕೂ ಇಬ್ಬರೂ ಒಂದೇ ಬಾಟಲಿಯ ನೀರು ಕುಡಿದೆವು. ಕಡಲಿಗೆ ಕಾಲಿಟ್ಟವನು ನೀರಿನ ಚಳಿಗೆ ಹಿಂದೆ ಸರಿದೆ.

"ಎದರ್ಕಂಡ್ರಾ ಮೇಷ್ಟ್ರೇ? ನಾನೇನೂ ಐಸ್ ಆಕಿಲ್ಲ!" ಎಂದು ಮಾದೇವ ನಕ್ಕ.

ನಾನು ಪಾಠಕ್ಕೆ ನಿಂತೆ. ಮಳೆಗಾಲದ ಗಾಳಿಗೆ ಮೇಲಿನ ಬೆಚ್ಚನೆಯ ನೀರು ದಡ ಬಿಟ್ಟು ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಅದರೊಡನೆ ಮೀನಿಗೆ ಮೇವೂ ಬರುತ್ತದೆ ಎಂದೆ.

"ಅಂಗಾರೆ ಕೆಳಗಿರೋದೂ ಮ್ಯಾಕೆ ಬರ್ತದೆ ಅನ್ನಿ. ನಿಮ್ಮನೆ ಜಗಲಿಗೆ ಮಾತ್ರ ಬರಕ್ಕಿಲ್ಲ!"

ಇಬ್ಬರೂ ನಕ್ಕೆವು.

ಮುಂದಿನ ಮಳೆಗಾಲದಲ್ಲಿ ಒಂದು ದಿನ, ಕಡಲಿಗೆ ಹೊರಟ ಮಾದೇವ ನಮ್ಮ ಅಂಗಳದಲ್ಲಿ ನಿಂತು ಕೈ ಚಾಚಿದ. "ಇವತ್ತು ಚೊಂಬನ್ನೇ ಕೊಡಿ ಮೇಷ್ಟ್ರೇ. ಜೀಪಲ್ಲಿ ಒಂದೇ ಬಾಟ್ಲಲ್ವಾ ನಮ್ದು?"

ಬಾಗಿಲಲ್ಲಿ ಅವ್ವ ನಿಂತಿದ್ದಳು. ನಾನು ಚೊಂಬನ್ನು ಮೇಲಕ್ಕೆತ್ತಿದೆ. ಅವನು ಬೊಗಸೆ ಮಾಡಿದ.

ಮರುದಿನ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತಿತ್ತು. ಕಾಲು ತೊಳೆಯಲೆಂದು ಹಂಡೆಗೆ ಕೈಹಾಕಿದೆ. ಮೇಲಿನ ನೀರು ಕೊರೆಯುತ್ತಿತ್ತು, ಆ ಕಡಲಿನ ಹಾಗೆಯೇ. ತೋಳನ್ನು ಕೆಳಗಿಳಿಸಿದೆ, ತಳದಲ್ಲಿ ಬೆಚ್ಚಗಿತ್ತು. ಬಿಸಿಲಲ್ಲಿಟ್ಟ ನೀರು ಮೇಲೆಯೇ ಬಿಸಿಯಾಗಬೇಕು. ಬೆಳಗಿನಿಂದ ಯಾರೂ ಅದಕ್ಕೆ ನೀರು ತುಂಬಿರಲಿಲ್ಲ. ಭ್ರಮೆಯಿರಬೇಕೆಂದು ಅವ್ವನನ್ನು ಕರೆದೆ.

"ಇದೇನ್ಲಾ ಮಗ, ಈಪಾಟಿ ಕೊರೀತದೆ!" ಎಂದು ಅವಳೂ ಕೈ ಹಿಂದಕ್ಕೆಳೆದುಕೊಂಡಳು.

ಮಾರನೆಯ ದಿನ ಸುದ್ದಿ ಬಂತು. ನಾನು ಹಂಡೆಗೆ ಕೈಹಾಕಿದ ಮಧ್ಯಾಹ್ನವೇ, ದೋಣಿಯ ಬಳಿಗೆ ನೀರಿನಲ್ಲಿ ನಡೆದು ಹೋಗುತ್ತಿದ್ದ ಮಾದೇವನನ್ನು ಅಲೆ ಎಳೆದುಕೊಂಡು ಹೋಗಿತ್ತು.

ಅಂದಿನಿಂದ ಬಾಗಿಲಿಗೆ ಬಂದವರ ಕೈಗೆ ಅವ್ವ ಚೊಂಬನ್ನೇ ಕೊಡತೊಡಗಿದಳು. ಕಡಲಿನ ತಣ್ಣೀರು ಹೇಗೆ ಮೇಲೇರುತ್ತದೆಂದು ಇಂದಿಗೂ ವಿವರಿಸಬಲ್ಲೆ. ನಮ್ಮ ಹಂಡೆಯದು ಹೇಗೆ ಏರಿತೋ ತಿಳಿಯದು. ಚೊಂಬು ಅದ್ದುವ ಮುನ್ನ ಈಗಲೂ ಒಮ್ಮೆ ಬೆರಳು ತಾಗಿಸಿ ನೋಡುತ್ತೇನೆ.