ಕಾದು ನಿಂತ ಬಂದೂಕು

ನಟರಾಜನಿಗೆ ಬಂದೂಕು ಹೊಸದಲ್ಲ. ಅವನ ಅಪ್ಪ ನಂಜುಂಡಸ್ವಾಮಿ ಸೈನ್ಯದಿಂದ ನಿವೃತ್ತರಾಗಿ ಬಂದ ಮೇಲೆ ನಂಜನಗೂಡಿನ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದರು. ಹಣೆಯ ತುಂಬ ವಿಭೂತಿ, ಹೆಗಲಿಗೆ ಜೋಡಿ ನಳಿಗೆಯ ಕೋವಿ, ಬಾಗಿಲ ಪಕ್ಕ ಒಂದು ಸ್ಟೂಲು. ಆ ಕೋವಿಗೆ ಯಾರೂ ಹೆದರುತ್ತಿರಲಿಲ್ಲ. ಪಿಂಚಣಿಗೆ ಬಂದ ಮುದುಕಿಯರು ಅದರ ಬದಿಯಲ್ಲೇ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಎದುರಿನ ಬಸ್ ಸ್ಟಾಪಿನಲ್ಲಿ ನಾಲ್ಕಾರು ಜನ ಸೇರಿ ಒಬ್ಬ ಕಂಡಕ್ಟರನನ್ನು ಕೆಡವಿಕೊಂಡು ತುಳಿಯುತ್ತಿದ್ದರು. ಸುತ್ತ ನೆರೆದವರು ನೋಡುತ್ತಿದ್ದರು. ನಂಜುಂಡಸ್ವಾಮಿ ಬಾಗಿಲು ಬಿಟ್ಟು, ರಸ್ತೆ ದಾಟಿ, ಕೋವಿಯನ್ನು ಎದೆಗೆ ಅಡ್ಡ ಹಿಡಿದು ನಿಂತರು. ಗುಂಡು ಹಾರಿಸಲಿಲ್ಲ, ಬಾಯಿ ತೆರೆದು ಬೈಯಲೂ ಇಲ್ಲ. ಹೊಡೆಯುತ್ತಿದ್ದವರು ಚದುರಿದರು, ಕಂಡಕ್ಟರ್ ಬದುಕಿದ. ಆದರೆ ಬ್ಯಾಂಕಿನ ಕೋವಿಯನ್ನು ಬೀದಿ ಜಗಳಕ್ಕೆ ಒಯ್ದರೆಂದೂ ಕಾವಲಿನ ಜಾಗ ಬಿಟ್ಟರೆಂದೂ ಅವರನ್ನು ಕೆಲಸದಿಂದ ತೆಗೆದುಹಾಕಿದರು. ಕಂಡಕ್ಟರ್ ಮತ್ತೆ ಅವರ ಮನೆ ಕಡೆ ತಲೆ ಹಾಕಲಿಲ್ಲ. ಅಪ್ಪ ಅಕ್ಕಿ ಗಿರಣಿಯೊಂದರಲ್ಲಿ ದೊಣ್ಣೆ ಹಿಡಿದು ಕಾವಲಿಗೆ ನಿಂತರು. ಅಮ್ಮ ಅನ್ನಕ್ಕೆ ಎಸರಿಡುವಾಗಲೆಲ್ಲ "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಗೊಣಗುತ್ತಿದ್ದಳು. ಆಗಿನ್ನೂ ಹೈಸ್ಕೂಲು ಮುಟ್ಟದಿದ್ದ ನಟರಾಜ ಅದನ್ನು ಕೇಳಿಕೊಂಡೇ ಬೆಳೆದ. ಅಪ್ಪ ಮಾಡಿದ್ದು ದೊಡ್ಡ ಕೆಲಸ ಎಂದು ಅವನಿಗೆ ಗೊತ್ತಿತ್ತು. ಅಂಥ ಕೆಲಸಕ್ಕೆ ತಾನು ಕೈ ಹಾಕಬಾರದು ಎಂದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು.

ಓದಿ ಎಂಜಿನಿಯರ್ ಆದ. ಕಂಪನಿ ಜಪಾನಿನ ನಗೋಯಾಕ್ಕೆ ಕಳಿಸಿತು. ಅಲ್ಲಿಂದ ಗಿಫು ಸೀಮೆಯ ಒಂದು ಬೆಟ್ಟದೂರಿಗೆ, ಕಾರಿನ ಗೇರು ತಯಾರಿಸುವ ಕಾರ್ಖಾನೆಗೆ ವರ್ಗವಾಯಿತು. ಹೆಂಡತಿ ವೇದವಲ್ಲಿ, ಮಗಳು ಕೃತಿ ಜೊತೆಗಿದ್ದರು. ಊರಿನಲ್ಲಿ ಬೇರೆ ಭಾರತೀಯರು ಇರಲಿಲ್ಲ. ಜನ ಒಳ್ಳೆಯವರು. ಬಾಗಿ ನಮಸ್ಕರಿಸುತ್ತಿದ್ದರು, ಬೆಳೆದ ಮೂಲಂಗಿಯನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಮನೆಯೊಳಗೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ.

ಕರೆದವರು ಮೊರಿತಾ-ಸಾನ್ ಒಬ್ಬರೇ. ಸಾನ್ ಎಂದರೆ ಅಲ್ಲಿಯ ಮರ್ಯಾದೆಯ ಮಾತು, ನಮ್ಮ 'ಅವರು' ಇದ್ದ ಹಾಗೆ. ಪಕ್ಕದ ಮನೆಯ ರೈತ, ಎಂಬತ್ತರ ಹತ್ತಿರದ ವಯಸ್ಸು, ಊರಿನ ಬೇಟೆಗಾರರ ಸಂಘದ ಹಿರಿಯ. ಆ ವರ್ಷ ಅವರ ಬತ್ತದ ಗದ್ದೆಯನ್ನು ಕಾಡುಹಂದಿಗಳು ತುಳಿದು ಮಣ್ಣುಪಾಲು ಮಾಡಿದ್ದವು. ಸಂಘದಲ್ಲಿ ಉಳಿದಿದ್ದವರೆಲ್ಲ ಮುದುಕರು. ಬಿಸಿ ಚಹಾ ಮುಂದಿಟ್ಟು ಅವರು ಕೇಳಿದರು.

"ನಟ-ಸಾನ್, ನೀನು ಈ ಊರಲ್ಲೇ ಇರ್ತೀಯಲ್ಲಾ?"

ಇಷ್ಟು ವರ್ಷದಲ್ಲಿ ಎಲ್ಲರೂ ಅವನನ್ನು ಯಾವಾಗ ಊರಿಗೆ ವಾಪಸು ಹೋಗುತ್ತೀಯ ಎಂದೇ ಕೇಳಿದ್ದರು. ಇರುತ್ತೀಯಲ್ಲಾ ಎಂದು ಕೇಳಿದವರು ಇವರೊಬ್ಬರೇ. ನಟರಾಜ ಹೂಂ ಅಂದ. ಬಂದೂಕಿನ ಲೈಸೆನ್ಸಿಗೆ ಹೊರಟಿದ್ದು ಆ ಒಂದು ಹೂಂನಿಂದಲೇ.

ವೇದವಲ್ಲಿಗೆ ಅದು ಸರಿಬರಲಿಲ್ಲ. "ನಿಮ್ಮಪ್ಪನ ಕಥೆ ಗೊತ್ತಿದ್ದೂ ಇದೆಲ್ಲಾ ಬೇಕಾ ರೀ?"

"ಅಪ್ಪಂದು ಬೇರೆ ಕಣೇ. ಇಲ್ಲಿ ಎಲ್ಲಾದಕ್ಕೂ ರೂಲ್ ಇದೆ. ರೂಲ್ ಪ್ರಕಾರ ಇದ್ರೆ ಯಾರೂ ಏನೂ ಅನ್ನಲ್ಲ."

ರೂಲ್ ಇದ್ದವು, ಬೇಕಾದಷ್ಟು. ಪರೀಕ್ಷೆ ಬರೆದ, ವೈದ್ಯರ ಮುಂದೆ ಕೂತ. ಪೊಲೀಸರು ಮನೆಗೆ ಬಂದು, ಗಂಡ ಕುಡಿಯುತ್ತಾನೆಯೇ, ಕೂಗಾಡುತ್ತಾನೆಯೇ ಎಂದು ವೇದವಲ್ಲಿಯನ್ನು ಬಲು ಮರ್ಯಾದೆಯಿಂದ ವಿಚಾರಿಸಿದರು. ನೆರೆಯವರನ್ನೂ ಆಫೀಸಿನ ಮೇಲಿನವರನ್ನೂ ಬಿಡಲಿಲ್ಲ. ಕೊನೆಗೆ ಬಂದೂಕು ಬಂತು. ಅದಕ್ಕೊಂದು ಕಬ್ಬಿಣದ ಕಪಾಟು, ತೋಟಾಗಳಿಗೆ ಬೇರೆ ಕಪಾಟು. ಮನೆಯಿಂದ ಕಾಡಿನವರೆಗೆ ಬಂದೂಕು ಚೀಲದೊಳಗೇ ಇರಬೇಕು, ಯಾರ ಕಣ್ಣಿಗೂ ಬೀಳಬಾರದು. ನಂಜನಗೂಡಿನ ಮುದುಕಿಯರ ಪಕ್ಕ ಒರಗಿರುತ್ತಿದ್ದ ಕೋವಿಯನ್ನು ನೋಡಿದವನಿಗೆ ಇದು ಮೊದಮೊದಲು ವಿಚಿತ್ರವೆನಿಸಿತು.

ಊರೊಳಗೆ ಅದು ಚೀಲದಿಂದ ಹೊರಬರುವುದು ಕರಡಿ ಬಂದಾಗ ಮಾತ್ರ. ಕಾಡಿನಲ್ಲಿ ಕಾಯಿ ಕಮ್ಮಿಯಾದ ವರ್ಷ ಕರಡಿಗಳು ಪರ್ಸಿಮನ್ ಹಣ್ಣಿನ ವಾಸನೆ ಹಿಡಿದು ಊರಿಗೆ ಇಳಿಯುತ್ತವೆ. ಆಗ ಪುರಸಭೆಯಿಂದ ಸಂಘಕ್ಕೆ ಫೋನು. ಕಿತ್ತಳೆ ಬಣ್ಣದ ಜಾಕೆಟ್ಟು, ಟೋಪಿ ತೊಟ್ಟು, ಬಂದೂಕನ್ನು ಎಲ್ಲರೂ ಕಾಣುವಂತೆ ಹಿಡಿದು ಸಂಘದವರು ಬೀದಿಯಲ್ಲಿ ನಿಲ್ಲುತ್ತಿದ್ದರು. ನಟರಾಜ ಮೊದಲ ಸಲ ನಿಂತಾಗ ಅಂಗಡಿಯಾಕೆ ಓಡಿಬಂದು ಅವನ ಕೈಗೆ ಬಿಸಿ ಕಾಫಿ ಡಬ್ಬಿ ಕೊಟ್ಟಳು. ಬಾಗಿಲ ಸಂದಿಯಿಂದ ಜನ ತಲೆಬಾಗಿದರು. ಕೃತಿ ಫೋಟೋ ತೆಗೆದು ಗೆಳತಿಯರಿಗೆ ಕಳಿಸಿದಳು. ಆವತ್ತು ಕರಡಿ ತಾನಾಗಿ ಬೆಟ್ಟ ಹತ್ತಿತು. ನಟರಾಜನಿಗೆ ಮನೆಗೆ ಬಂದು ಜಾಕೆಟ್ಟು ಬಿಚ್ಚಲು ಮನಸ್ಸಿರಲಿಲ್ಲ.

"ಒಂದು ನೆನಪಿಟ್ಕೋ," ಎಂದಿದ್ದರು ಮೊರಿತಾ-ಸಾನ್. "ಮನೆಗಳ ನಡುವೆ ಅಪ್ಪಣೆ ಇಲ್ಲದೆ ಹೊಡೆಯೋ ಹಾಗಿಲ್ಲ. ಬೇರೆ ಊರಲ್ಲಿ ಒಬ್ಬ ಹೊಡೆದ. ಜನರ ಜೀವ ಉಳೀತು, ಅವನ ಬಂದೂಕು ಹೋಯ್ತು."

ನಟರಾಜನಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅನಾಹುತ ಆದದ್ದು ಮಾರನೇ ವರ್ಷದ ಅಕ್ಟೋಬರಿನಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ. ಮುಚ್ಚಿಹೋಗಿದ್ದ ಬಟ್ಟೆ ಅಂಗಡಿಯ ಹಿಂದಿನ ಬಿದಿರುಮೆಳೆಗೆ ಕರಡಿ ಹೊಕ್ಕಿತ್ತು. ಆಚೆಗೆ ಒಂದು ಸಾಲು ಮನೆ, ಈಚೆಗೆ ಕುಯ್ಲಾದ ಗದ್ದೆ. ಧ್ವನಿವರ್ಧಕದ ವ್ಯಾನು ಹೊರಗೆ ಬರಬೇಡಿ ಎಂದು ಸಾರುತ್ತಿತ್ತು. ಗುರಾಣಿ ಹಿಡಿದ ಪೊಲೀಸರು, ಕಿವಿಗೆ ಫೋನು ಒತ್ತಿಕೊಂಡ ಪುರಸಭೆಯ ಅಧಿಕಾರಿ, ಮೊರಿತಾ-ಸಾನ್, ನಟರಾಜ. ತೋಟಾ ತುಂಬಿಕೊಳ್ಳಲು ಅಪ್ಪಣೆಯಾಗಿತ್ತು, ಹಾರಿಸಲು ಆಗಿರಲಿಲ್ಲ. ಅದಕ್ಕಾಗಿಯೇ ಅಧಿಕಾರಿ ಫೋನಿನಲ್ಲಿ ಯಾರನ್ನೋ ಬೇಡುತ್ತಿದ್ದ.

ಕರಡಿ ಮೆಳೆಯಿಂದ ಹೊರಬಂತು. ಅವಸರವಿಲ್ಲದೆ, ಮೂಗನ್ನು ಗಾಳಿಗೆ ಎತ್ತಿ, ಗದ್ದೆಯ ಏರಿಗೆ ಪಕ್ಕೆ ತೋರಿಸಿ ನಿಂತಿತು. ಅದರ ಹಿಂದೆ ಆಳೆತ್ತರದ ಮಣ್ಣಿನ ಏರಿ ಬಿಟ್ಟರೆ ಏನೂ ಇರಲಿಲ್ಲ. ಗುರಿ ತಪ್ಪಿದರೂ ಗುಂಡು ಮಣ್ಣಿಗೆ ಹೋಗುತ್ತಿತ್ತು. ನಟರಾಜನ ಬಂದೂಕು ಭುಜಕ್ಕೇರಿತು. ಮುಂಗಾಲಿನ ಹಿಂದಿನ ಮೆತ್ತನೆಯ ಜಾಗ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆಗಲೇ ಸಾಲಿನ ಕೊನೆಯ ಮನೆಯ ಹಿಂಬಾಗಿಲು ತೆರೆಯಿತು. ಕಸದ ಚೀಲ ಹಿಡಿದು ಒಬ್ಬಾಕೆ ಹೊರಬಂದಳು. ಆ ಮನೆಯ ಕಿವುಡ ಮುದುಕನನ್ನು ನೋಡಿಕೊಳ್ಳಲು ದಿನಾ ಬರುವ ಸಹಾಯಕಿ. ಟೀವಿಯ ಅಬ್ಬರದಲ್ಲಿ ಅವಳಿಗೆ ವ್ಯಾನಿನ ಕೂಗು ಕೇಳಿಸಿರಲಿಲ್ಲ. ಕರಡಿಗೆ ಬೆನ್ನು ಮಾಡಿ ಬಾಗಿಲು ಎಳೆದುಕೊಳ್ಳುತ್ತಿದ್ದಳು.

"ಹೊಡೀಲಾ?" ಎಂದ ನಟರಾಜ.

"ಇನ್ನೂ ಇಲ್ಲ," ಎಂದ ಪಕ್ಕದ ಪೊಲೀಸ್ ಅಧಿಕಾರಿ. "ದಯವಿಟ್ಟು ಸ್ವಲ್ಪ ಕಾಯಿರಿ."

ನಟರಾಜ ಮೊರಿತಾ-ಸಾನ್ ಮುಖ ನೋಡಿದ. ಅವರು ಏರಿಯನ್ನೇ ನೋಡುತ್ತಿದ್ದರು, ತುಟಿ ಬಿಚ್ಚಲಿಲ್ಲ. ಅವನ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಕರಡಿ ಕತ್ತು ತಿರುಗಿಸಿ ಹೆಂಗಸನ್ನು ನೋಡಿತು. ನಟರಾಜ ಕೂಗಿದ. ಗಂಟಲಿನಿಂದ ಹೊರಬಿದ್ದದ್ದು ಜಪಾನಿ ಅಲ್ಲ.

"ಒಳಗೆ ಹೋಗಮ್ಮಾ! ಒಳಗೆ ಹೋಗು!"

ಯಾರೋ ಏನೋ ಕೂಗುತ್ತಿದ್ದಾರೆ ಎಂದು ಅವಳು ನಿಂತಳು. ಒಳಗೆ ಹೋಗುವ ಬದಲು ಅವನ ಕಡೆಗೆ ತಿರುಗಿ, ಅರ್ಥವಾಗದೆ, ಸ್ವಲ್ಪ ತಲೆ ಬಾಗಿಸಿದಳು. ಕರಡಿ ಅವಳ ಮೇಲೆ ಬಿತ್ತು.

ಆಮೇಲೆ ಹೊಡೆಯಲು ದಾರಿಯೇ ಇರಲಿಲ್ಲ. ಕರಡಿ ಮೇಲೆ, ಅವಳು ಕೆಳಗೆ. ಪೊಲೀಸರು ಗುರಾಣಿ ಬಡಿಯುತ್ತ ನುಗ್ಗಿದರು, ನಟರಾಜನೂ ಬರಿದೇ ಕೂಗುತ್ತ ನುಗ್ಗಿದ. ಕರಡಿ ಅವಳನ್ನು ಬಿಟ್ಟು, ಬೇಲಿ ದಾಟಿ, ಪಕ್ಕದ ಹಿತ್ತಿಲಿನ ಪರ್ಸಿಮನ್ ಮರದ ಕೆಳಗೆ ಕೂತು ಬಿದ್ದ ಹಣ್ಣು ತಿನ್ನತೊಡಗಿತು. ಅವಳನ್ನು ಎತ್ತಿ ಆಂಬುಲೆನ್ಸಿಗೆ ಹಾಕಿದರು. ಮುಖ ಎಲ್ಲಿತ್ತು ಎಂದು ಹೇಳುವ ಹಾಗಿರಲಿಲ್ಲ.

ಅಪ್ಪಣೆ ಬಂದದ್ದು ಅದಾದ ಮೇಲೆ. ಅಧಿಕಾರಿ ಫೋನು ಕೆಳಗಿಳಿಸಿ, ಬೆವರು ಒರೆಸಿಕೊಂಡು, "ಈಗ ಆಗಬಹುದು" ಎಂದ. ಈಗ ಯಾರಿಗೂ ಏನೂ ಮಾಡದೆ ಹಣ್ಣು ತಿನ್ನುತ್ತಿದ್ದ ಪ್ರಾಣಿಗೆ ನಟರಾಜ ಗುಂಡು ಹೊಡೆದ. ಅದು ಒಂದು ಸಲ ಎದ್ದು, ಮರಕ್ಕೆ ಒರಗಿ ಕೂತಂತೆ ಕೂತು ಸತ್ತಿತು. ಕಿಟಕಿಗಳ ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ಆವತ್ತಿನ ಟೀವಿಯಲ್ಲಿ, ಕರಡಿಯ ಹಿಂದೆ ಮನೆಗಳಿದ್ದ ಕಾರಣ ಮೊದಲೇ ಗುಂಡು ಹಾರಿಸಲಾಗಲಿಲ್ಲ ಎಂದು ಬಂತು. ಮನೆಗಳಿದ್ದದ್ದು ನಿಜ, ಆದರೆ ಅಪ್ಪಣೆ ಬಂದ ಮೇಲೆ ಹೊಡೆದ ಪರ್ಸಿಮನ್ ಮರದ ಹಿಂದೆ. ಏರಿಯ ಮಾತನ್ನು ಯಾರೂ ಎತ್ತಲಿಲ್ಲ, ನಟರಾಜನೂ.

ಊಟಕ್ಕೆ ಕೂತಾಗ ಕೃತಿ ಕೇಳಿದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲೇ.

"ಅಪ್ಪಾ, ವೈ ಡಿಡ್ ಯು ವೇಟ್?"

"ಪರ್ಮಿಷನ್ ಇರ್ಲಿಲ್ಲ ಪುಟ್ಟಾ."

"ಬಟ್ ಯು ಹ್ಯಾಡ್ ದ ಗನ್."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ವೇದವಲ್ಲಿ ಅವನ ಅನ್ನಕ್ಕೆ ಮೊಸರು ಬಡಿಸಿ, "ಅವಳಿಗೇನು ಗೊತ್ತು ಬಿಡಿ. ನೀವು ಮಾಡಿದ್ದೇ ಸರಿ. ಹೊಡೆದು ಹೆಚ್ಚುಕಮ್ಮಿ ಆಗಿದ್ರೆ ಇವತ್ತು ನಮ್ಮ ಗತಿ ಏನಾಗ್ತಿತ್ತು ಹೇಳಿ?" ಎಂದಳು. ಅವಳ ದನಿಯಲ್ಲಿದ್ದ ನೆಮ್ಮದಿ ಮಗಳ ಮಾತಿಗಿಂತ ಹೆಚ್ಚು ಚುಚ್ಚಿತು. ಅವನು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈ ತೊಳೆದ.

ಪುರಸಭೆಯಲ್ಲಿ ಸಣ್ಣ ಸಮಾರಂಭ ನಡೆಯಿತು. ಕಠಿಣ ಗಳಿಗೆಯಲ್ಲೂ ಶಿಸ್ತು ಮೀರದೆ ನಡೆದುಕೊಂಡ ಸಂಘದ ಸದಸ್ಯರಿಗೆ ಕೃತಜ್ಞತೆ ಎಂದು ಮೇಯರ್ ಬಾಗಿದರು. ಕಾರ್ಖಾನೆಯಲ್ಲಿ ಮೇಲಿನವರು ಅವನ ಬೆನ್ನು ತಟ್ಟಿ, ವಿದೇಶಿಯಾದರೂ ನಮ್ಮವರಿಗಿಂತ ಹೆಚ್ಚು ನಿಯಮ ಬಲ್ಲವನು ಎಂದರು. ಇಷ್ಟು ವರ್ಷ ಅವನು ಕಾದಿದ್ದ ಮಾತು ಅದೇ. ಬಂದ ಮೇಲೆ ಅದು ಮೈಗೆ ಮೆತ್ತಿದ ಸಗಣಿಯ ಹಾಗಿತ್ತು.

ಗಾಯಗೊಂಡ ಹೆಂಗಸಿನ ಹೆಸರು ಓಕುಬೊ-ಸಾನ್. ಒಂದು ಕಣ್ಣು ಹೋಗಿತ್ತು. ಚಳಿಗಾಲ ಶುರುವಾಗುವ ಹೊತ್ತಿಗೆ ನಟರಾಜ ಹಣ್ಣಿನ ಪೆಟ್ಟಿಗೆ ಹಿಡಿದು ಆಸ್ಪತ್ರೆಗೆ ಹೋದ. ಬೈದರೆ ಬೈಯಿಸಿಕೊಳ್ಳಬೇಕು ಎಂದೇ ಹೋಗಿದ್ದ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಜಪಾನಿಯಲ್ಲಿ ಜೋಡಿಸಿಕೊಂಡಿದ್ದ.

ಮುಖದ ತುಂಬ ಬ್ಯಾಂಡೇಜಿನ ಆಕೆ ಅವನನ್ನು ಕಂಡದ್ದೇ ಹಾಸಿಗೆಯ ಮೇಲೆ ಎದ್ದು ಕೂತು, ಮೊಣಕಾಲು ಮಡಿಸಿ, ಹಣೆ ಹೊದಿಕೆಗೆ ತಾಗುವಷ್ಟು ಬಾಗಿದಳು.

"ಸುಮಿಮಾಸೆನ್, ಕ್ಷಮಿಸಿ. ನನ್ನಿಂದ ನಿಮಗೆಲ್ಲ ತುಂಬ ತೊಂದರೆ ಆಯ್ತು. ನಾನು ಹೊರಗೆ ಬರಬಾರದಾಗಿತ್ತು."

"ಇಲ್ಲ, ಇಲ್ಲ, ನಾನು..." ಎಂದ ನಟರಾಜ.

"ನೀವು ಅವತ್ತು ನನಗೆ ಏನೋ ಕೂಗಿ ಹೇಳಿದ್ರಿ. ನನಗೆ ಅರ್ಥ ಆಗಲಿಲ್ಲ, ಕ್ಷಮಿಸಿ. ಏನಂತ ಹೇಳಿದ್ರಿ?"

ಅವನು ಹಣ್ಣಿನ ಪೆಟ್ಟಿಗೆಯನ್ನು ಹಾಸಿಗೆಯ ಪಕ್ಕ ಇಟ್ಟ. ಆಮೇಲೆ ಅವಳ ಭಾಷೆಯಲ್ಲಿ ಹೇಳಿದ. "ಒಳಗೆ ಹೋಗಿ ಅಂತ."

"ಓ, ಹಾಗಾ," ಎಂದಳು ಓಕುಬೊ-ಸಾನ್. "ಅರಿಗಾತೋ." ಹಾಗೆ ಧನ್ಯವಾದ ಹೇಳಿ ಮತ್ತೆ ಬಾಗಿದಳು.

ಆಸ್ಪತ್ರೆಯಿಂದ ಅವನು ನೇರ ಮೊರಿತಾ-ಸಾನ್ ಮನೆಗೆ ಹೋದ. ಅವರು ಒಲೆಯ ಮುಂದೆ ಬಂದೂಕಿಗೆ ಎಣ್ಣೆ ಸವರುತ್ತಿದ್ದರು.

"ಹಿಂದೆ ಬರೀ ಮಣ್ಣಿತ್ತು," ಎಂದ ನಟರಾಜ. "ಹೊಡೀಬಹುದಿತ್ತು."

"ಗೊತ್ತು. ನಾನೂ ನೋಡಿದೆ."

"ಮತ್ತೆ ಯಾಕೆ ಏನೂ ಹೇಳಲಿಲ್ಲ?"

ಮೊರಿತಾ-ಸಾನ್ ಚಿಂದಿಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಹೇಳಿದ್ರೆ ನೀನು ಹೊಡೀತಿದ್ದೆ. ಹೊಡೆದಿದ್ರೆ ನಿನ್ನ ಬಂದೂಕು ಹೋಗ್ತಿತ್ತು, ಸಂಘಕ್ಕೂ ಕೆಟ್ಟ ಹೆಸರು. ನಾವು ಮುದುಕರು, ನಮ್ಮ ಕೈ ನಡುಗ್ತದೆ. ನೀನು ಹೋದ್ರೆ ಈ ಊರಿಗೆ ಯಾರಿದ್ದಾರೆ?"

"ಅವಳಿಗೆ ಯಾರಿದ್ದರು?"

ಮೊರಿತಾ-ಸಾನ್ ಕೆಟಲಿನಿಂದ ಚಹಾ ಬಗ್ಗಿಸಿ ಮುಂದಿಟ್ಟರು. ನಟರಾಜ ಕುಡಿಯದೆ ಎದ್ದ. ಆ ಮನೆಯಲ್ಲಿ ಅವನು ಚಹಾ ಬಿಟ್ಟು ಎದ್ದದ್ದು ಅದೇ ಮೊದಲು. ಮತ್ತೆ ಆ ಹೊಸಿಲು ತುಳಿಯಲಿಲ್ಲ.

ವಾರದೊಳಗೆ ಅವನು ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿದ. ಕಾರಣ ಕೇಳಿದರು. ಪೂರ್ತಿ ಹೇಳಿದರೆ, ಕಾಯಿರಿ ಎಂದ ಅಧಿಕಾರಿಯ ತಲೆಗೂ ಸುತ್ತಿಕೊಳ್ಳುತ್ತಿತ್ತು, ತನ್ನ ತಲೆಗೂ. "ಸ್ವಂತ ಕಾರಣ" ಎಂದ. ಅಲ್ಲಿನವನು ಸಂತೋಷದಿಂದಲೇ ಬರೆದುಕೊಂಡ. ಊರಿನಲ್ಲಿ ಒಂದು ಬಂದೂಕು ಕಮ್ಮಿಯಾಯಿತು. ಪೊಲೀಸರಿಗೆ ಅದರಲ್ಲಿ ಬೇಸರಪಡುವುದು ಏನಿತ್ತು?

ಮಾರನೇ ಹಂಗಾಮಿಗೆ ಮನೆಗಳ ನಡುವೆ ಗುಂಡು ಹಾರಿಸುವ ನಿಯಮ ಸಡಿಲವಾಯಿತು. ಇನ್ನು ಪುರಸಭೆಯೇ ಬೇಗ ತೀರ್ಮಾನ ಕೊಡಬಹುದಂತೆ. ತರಬೇತಿಗೆ ಬರಬೇಕೆಂದು ಪುರಸಭೆಯ ಅಧಿಕಾರಿ ಮನೆಬಾಗಿಲಿಗೆ ಬಂದು ಬೇಡಿಕೊಂಡ. ನಟರಾಜ ಬಂದೂಕಿಲ್ಲ ಎಂದ. ಅಧಿಕಾರಿ ಅಯ್ಯೋ ಪಾಪ ಎನ್ನುವ ಹಾಗೆ ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡು, ಬಾಗಿ, ಹೊರಟುಹೋದ. ಮೂಲಂಗಿ ಬಾಗಿಲಿಗೆ ಬರುವುದು ನಿಂತಿತು. ಯಾರಿಗೂ ಅವನ ಮೇಲೆ ಸಿಟ್ಟಿರಲಿಲ್ಲ. ತಮ್ಮ ಜೊತೆ ಇರುತ್ತಾನೆ ಎಂದುಕೊಂಡವನು ಜೊತೆಗಿರಲಿಲ್ಲ, ಅಷ್ಟೇ. ಕಿತ್ತಳೆ ಜಾಕೆಟ್ಟಿನ ಫೋಟೋ ಕೃತಿಯ ಫೋನಿನಿಂದ ಯಾವಾಗ ಅಳಿಸಿಹೋಯಿತೋ ಅವನಿಗೆ ಗೊತ್ತಿಲ್ಲ. ಅವನು ಕೇಳಲೂ ಇಲ್ಲ.

ಓಕುಬೊ-ಸಾನ್ ಮತ್ತೆ ಕೆಲಸಕ್ಕೆ ಬರುತ್ತಿದ್ದಾಳೆ. ಕಣ್ಣಿಗೆ ಬಿಳಿ ಪಟ್ಟಿ, ಮೂಗಿನವರೆಗೆ ಮಾಸ್ಕು. ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ನಟರಾಜ ಕಂಡರೆ ಸಾಕು, ಕೈಯ ಬುಟ್ಟಿಯನ್ನು ನೆಲಕ್ಕಿಟ್ಟು, ಅಂಗಡಿಯ ಜನರೆಲ್ಲ ತಿರುಗಿ ನೋಡುವ ಹಾಗೆ ಸೊಂಟ ಬಾಗಿಸಿ ನಮಸ್ಕರಿಸುತ್ತಾಳೆ. ಅವನು ಮರಳಿ ಬಾಗಿದರೆ ಅವಳು ಇನ್ನೂ ಕೆಳಗೆ ಬಾಗುತ್ತಾಳೆ. ಒಮ್ಮೆ ವೇದವಲ್ಲಿ ಜೊತೆಗಿದ್ದಾಗ, ನನ್ನನ್ನು ಉಳಿಸಿದವರು ಇವರು ಎಂದು ಕೂಡ ಹೇಳಿದಳು.

ಈಗ ಅವನು ತರಕಾರಿಗೆ ಪಕ್ಕದ ಊರಿಗೆ ಹೋಗುತ್ತಾನೆ.