ಅಂಗಳದ ಕೆರೆಗೆ ಇಳಿದ ಸಿದ್ದಮ್ಮ

ಎಪ್ಪತ್ತರ ಸಿದ್ದಮ್ಮ ಚಪ್ಪಲಿ ಬಿಟ್ಟು, ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಹಿಡಿದು ಕೆರೆಗೆ ಇಳಿದರು. ಅಲ್ಲಿ ಹನಿ ನೀರೂ ಇರಲಿಲ್ಲ. ಹರವೆ ಸಮೀಪದ ನಮ್ಮೂರಿನ ಶಾಲೆಯ ಅಂಗಳದಲ್ಲಿ ಮೀನುಗಾರರೆಲ್ಲ ಸೇರಿ ನೀಲಿ ರಂಗೋಲಿ ಪುಡಿ ತುಂಬಿ ಬರೆದಿದ್ದ ಊರ ಕೆರೆಯ ನಕ್ಷೆ ಅದು. ನೋಡುತ್ತಿದ್ದ ನಾವೆಲ್ಲ ನಕ್ಕುಬಿಟ್ಟೆವು.

ಮೀನಿನ ಮರಿ ಬೆಳೆಯಲೆಂದು ಕೆರೆಯ ಒಂದು ಭಾಗಕ್ಕೆ ಯಾರೂ ಬಲೆ ಹಾಕಬಾರದು ಎಂಬುದಕ್ಕೆ ಎಲ್ಲರ ಒಪ್ಪಿಗೆ ಇತ್ತು. ಆದರೆ ತಾನು ಬಲೆ ಬಿಡುವ ಜಾಗವನ್ನು ಬಿಟ್ಟುಕೊಡಲು ಒಬ್ಬರೂ ತಯಾರಿರಲಿಲ್ಲ. ಬೆಳಗಿನಿಂದ ಸಭೆಯಲ್ಲಿ ಅದೇ ಜಗಳ.

ನಕ್ಷೆಯಲ್ಲಿ ತೂಬಿನಿಂದ ತುಸು ಆಚೆ ನಿಂತ ಸಿದ್ದಮ್ಮ ಎಲೆಯಡಿಕೆ ಚೀಲದಿಂದ ಒಂದು ವೀಳ್ಯದೆಲೆ ತೆಗೆದು ಅಲ್ಲಿಟ್ಟರು.

“ನಮ್ಮ್ ಯಜಮಾನ್ರು ಮುಳುಗಿದ್ದು ಇಲ್ಲೇ ಕಣ್ರಪ್ಪ. ಆವತ್ತಿಂದ ನೀವ್ಯಾರೂ ಇಲ್ಲಿ ಬಲೆ ಬುಟ್ಟಿಲ್ಲ, ನಂಗೊತ್ತು. ಸುತ್ತಮುತ್ತ ಇನ್ನೂ ಒಸಿ ಬುಟ್ಬುಡಿ. ಮರಿಗಳಾದ್ರೂ ಬದುಕ್ಲಿ.”

ಅಷ್ಟು ಹೊತ್ತು ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದ ಮಾದೇವ ಎದ್ದು ಬಂದು, ಬಿಳಿ ಪುಡಿಯಿಂದ ಆ ಎಲೆಯ ಸುತ್ತ ದೊಡ್ಡದೊಂದು ಗೆರೆ ಎಳೆದ. ಅವನು ದಿನಾ ಬಲೆ ಬಿಡುವ ಜಾಗವೂ ಅದರೊಳಗೆ ಸೇರಿತು. “ನಂದೂ ಇರ್ಲಿ ಬುಡವ್ವ” ಎಂದ.

ಸಭೆ ಮುಗಿದ ಮೇಲೆ ಆ ನಕ್ಷೆಯನ್ನು ಯಾರೂ ತುಳಿಯಲಿಲ್ಲ. ಬಸ್ಸಿನ ಅವಸರದಲ್ಲಿದ್ದ ನಾನೂ, ಕೆರೆ ಏರಿಯ ಮೇಲೆ ನಡೆಯುವವಳಂತೆ, ಅದರ ಅಂಚು ಬಳಸಿಯೇ ಗೇಟು ಸೇರಿದೆ.