ಬಾಣಂತಿ ಕೋಣೆಯ ಬೆಂಕಿಗೂಡು

ಆ ಬೆಂಕಿಗೂಡನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಉರಿಯಬೇಕಾದ ದಿನ ಅದೊಂದು ಉರಿಯಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮ ಯಜಮಾನರು ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಬಿಳಿ ದೊರೆಯೊಬ್ಬ ಬಿಟ್ಟುಹೋದ ಸಣ್ಣ ಬಂಗಲೆಯನ್ನು ಆ ಬೇಸಿಗೆಯಲ್ಲಿ ನಮಗೆ ಕೊಟ್ಟಿದ್ದರು. ಮಲಗುವ ಕೋಣೆಯ ಗೋಡೆಯೊಳಗೆ ಬೆಂಕಿಗೂಡು, ಅದರ ಹೊಗೆ ಹೋಗಲು ಹೆಂಚಿನ ಮೇಲೆ ಎದ್ದು ನಿಂತ ಹೊಗೆಗೂಡು. ನನಗೆ ತಾಯಿ ಇರಲಿಲ್ಲ. ಬಸುರಿ ಎಂದು ತಿಳಿದ ಕೂಡಲೇ ಶನಿವಾರಸಂತೆ ಕಡೆಯಿಂದ ಅತ್ತೆ ಬಂದು ಮನೆ ವಹಿಸಿಕೊಂಡರು.

ಮಗು ದಿನ ತುಂಬುವ ಮೊದಲೇ, ಧನುರ್ಮಾಸದ ಚಳಿಯಲ್ಲಿ ಹುಟ್ಟಿತು. "ಕೈಕಾಲು ತಣ್ಣಗಾಗೋಕೆ ಬಿಡಬ್ಯಾಡಿ," ಎಂದು ಸೂಲಗಿತ್ತಿ ಎರಡೆರಡು ಸಲ ಹೇಳಿ ಹೋದಳು. ಮರುದಿನ ಬೆಳಿಗ್ಗೆ ಬೆಂಕಿಗೂಡಿಗೆ ಮೊದಲ ಸಲ ಸೌದೆ ಇಟ್ಟು ಹೊತ್ತಿಸಿದೆವು. ಹೊಗೆ ಮೇಲೆ ಹೋಗುವ ಬದಲು ಸೀದಾ ನಮ್ಮ ಮುಖಕ್ಕೇ ಬಂತು. ಮಗು ಕೆಮ್ಮಿ ಕೆಮ್ಮಿ ಕೆಂಪಾಯಿತು. ನೀರು ಹಾಕಿ ಆರಿಸಿ, ಕಿಟಕಿ ತೆರೆದರೆ ಹೊರಗಿನ ಚಳಿಯೆಲ್ಲ ಒಳಗೆ.

ಯಜಮಾನರು ಬಗ್ಗಿ ನೋಡಿದರು. "ಮ್ಯಾಲೆ ಏನೋ ಕಟ್ಕಂಡದೆ. ಸಂಜೆ ನೋಡಾನ," ಎಂದು ಕಾಫಿ ಕೊಯ್ಲಿನ ಪಿಕಿಂಗಿಗೆ ಹೊರಟೇಬಿಟ್ಟರು. ಹಣ್ಣು ಉದುರಿಹೋಗುತ್ತದಂತೆ! ಹಡೆದ ಮೈ ಅಲ್ಲದಿದ್ದರೆ ನಾನೇ ಹೆಂಚು ಹತ್ತುತ್ತಿದ್ದೆ.

ಅತ್ತೆ ಮಡಕೆಯಲ್ಲಿ ಕೆಂಡ ತಂದು ಬಾಗಿಲ ಬಳಿ ಇಟ್ಟರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಕೆಂಡದ ಗಾಳಿಗೆ ಸ್ವಲ್ಪ ಹೊತ್ತಿಗೇ ನನಗೆ ತಲೆ ಸುತ್ತಿತು, ಅದನ್ನೂ ಆಚೆ ಕಳಿಸಿದೆ. ಮಗುವನ್ನು ಎದೆಗವಚಿಕೊಂಡು ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ ತಿರುಗಿದೆ. ಕೂತರೆ ಕೂರಲಾಗದು, ಮಲಗಿದರೆ ಮಲಗಲಾಗದು. ಮತ್ತೆ ಮತ್ತೆ ಮಗುವಿನ ಪಾದ ಮುಟ್ಟಿ ನೋಡುತ್ತಿದ್ದೆ. ಒಂದು ಸಲ ಮುಟ್ಟಿದಾಗ ಪಾದ ತಣ್ಣಗೆ ಕೊರೆಯುತ್ತಿತ್ತು. ಮಗು ಅಳುವುದನ್ನೂ ನಿಲ್ಲಿಸಿತ್ತು. ನನಗೆ ಜೀವವೇ ಹೋದಂತಾಯಿತು.

ನಡುಮನೆ ದಾಟಿದರೆ ಅಡುಗೆಮನೆ, ಅಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಆದರೆ ಪುರುಡಿನ ಮೈಲಿಗೆ ಕಳೆಯುವವರೆಗೆ ಬಾಣಂತಿ ಅಡುಗೆಮನೆಯ ಹೊಸಿಲು ತುಳಿಯುವಂತಿಲ್ಲ. ಅಲ್ಲಿ ಒಲೆಯ ಪಕ್ಕದ ಗೂಡಿನಲ್ಲೇ ಅತ್ತೆಯ ದೇವರು, ದೀಪ. ಮಡಿ ವಿಷಯದಲ್ಲಿ ಅತ್ತೆ ಹೆತ್ತ ಮಗನನ್ನೂ ಬಿಟ್ಟವರಲ್ಲ.

ಅತ್ತೆ ಸೌದೆ ತರಲು ಹಿತ್ತಲಿಗೆ ಹೋದರು. ನಾನು ನೆಟ್ಟಗೆ ಅಡುಗೆಮನೆಗೆ ನುಗ್ಗಿ ಒಲೆಯ ಮುಂದೆ ಕೂತುಬಿಟ್ಟೆ.

ಅವರು ಬಂದು ನೋಡಿದರು. ಸೌದೆ ಇಳಿಸಿದರು. ದೇವರ ಪಟ ಎತ್ತಿಕೊಂಡು ಸೆರಗಿನಿಂದ ಒರೆಸಿ, ದೀಪದ ಸಮೇತ ಹೊರಗೆ ಜಗಲಿಗೆ ಒಯ್ದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮಗುವಿನ ಪಾದ ಬೆಚ್ಚಗಾಗುತ್ತ ಬಂತು.

ಸಂಜೆ ಯಜಮಾನರು ಹೆಂಚು ಹತ್ತಿ, ಹೊಗೆಗೂಡಿನ ಬಾಯಿಂದ ಕಾಫಿ ಸಿಪ್ಪೆ ತುಂಬಿದ ಒಂದು ಗೋಣಿಚೀಲ ಎಳೆದು ಅಂಗಳಕ್ಕೆ ಎಸೆದರು. ಅತ್ತೆ ಅದನ್ನು ಕಂಡವರೇ ಹಣೆ ಚಚ್ಚಿಕೊಂಡರು. "ಅಯ್ಯೋ, ನಾನೇ ಕಣೋ ತುರುಕ್ಸಿದ್ದು! ಮಳೆ ನೀರು ಒಳೀಕೆ ಬೀಳ್ತದೆ ಅಂತ." ಅವರ ಊರಿನ ಮನೆಯಲ್ಲಿ ಹೊಗೆ ಹೋಗಲು ಹೆಂಚಿನ ಸಂದೇ ಸಾಕಾಗಿತ್ತು. ಇಲ್ಲಿನ ಹೊಗೆಗೂಡು ಅವರ ಕಣ್ಣಿಗೆ ಮಾಡಿನ ತೂತಾಗಿ ಕಂಡಿತ್ತು. ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ.

ಕೋಣೆಯಲ್ಲಿ ಬೆಂಕಿ ಹತ್ತಿತು, ಹೊಗೆಯೂ ಮೇಲೆ ಹೋಯಿತು. ನಾನು ತಪ್ಪಿತಸ್ಥಳ ಹಾಗೆ ಮಗುವನ್ನು ಎತ್ತಿಕೊಂಡು ಒಲೆಯ ಮುಂದಿನಿಂದ ಎದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಕೂತ್ಕಳವ್ವ. ಆ ಗ್ವಾಡೆ ಬೆಚ್ಚಗಾಗೋಗಂಟ ಇಲ್ಲೇ ಇರ್ಲಿ ಮಗ."

"ದೇವರು ಹೊರಗಿದ್ದಾರಲ್ಲ, ಅತ್ತೆ," ಎಂದೆ.

"ಇರ್ಲಿ ಬಿಡು. ದೇವ್ರಿಗೆ ಚಳಿ ಆಗಕಿಲ್ಲ."